ಬುರುಡೆಯೊಳಗಿನ ಒತ್ತಡ

‘ಬಿದ್ದ ಮೇಲೆ ತಾನೇ ಎದ್ದು ಕೂತ. ಹೆಸರು ಹೇಳಿದ, ಊರು ಹೇಳಿದ. ಏನೂ ಆಗಿಲ್ಲ, ಮನೆಯವರಿಗೆ ತಿಳಿಸಬೇಡಿ ಎಂದ. ಸಂಜೆಯ ಹೊತ್ತಿಗೆ ಹೋಗಿಬಿಟ್ಟ.’ ರಸ್ತೆ ಅಪಘಾತದಲ್ಲಿ ಯಾರನ್ನೋ ಕಳೆದುಕೊಂಡ ಮನೆಗಳಲ್ಲಿ ಇಂಥ ಮಾತನ್ನು ಕೇಳದವರು ನಮ್ಮಲ್ಲಿ ಕಡಿಮೆ. ಕೇಳಿದವರಿಗೆ ಅದೊಂದು ಒಗಟು. ಪೆಟ್ಟು ಅಷ್ಟು ಜೋರಾಗಿದ್ದರೆ ಬಿದ್ದಲ್ಲೇ ಪ್ರಾಣ ಹೋಗಬೇಕಿತ್ತಲ್ಲ? ಮಾತಾಡುತ್ತಿದ್ದ ಮನುಷ್ಯ ಸತ್ತದ್ದು ಹೇಗೆ? ಹಣೆಬರಹ ಎಂದು ಕೈಚೆಲ್ಲುವವರುಂಟು. ಆಸ್ಪತ್ರೆಯವರನ್ನು ಬಯ್ಯುವವರೂ ಉಂಟು.

ಇದೇ ಒಗಟನ್ನು 1975ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವೈದ್ಯರು ಕೈಗೆತ್ತಿಕೊಂಡರು. ತಲೆಗೆ ಪೆಟ್ಟು ಬಿದ್ದ ನಂತರ ಮಾತಾಡಿ, ಆಮೇಲೆ ಸತ್ತವರ ಒಂದು ಗುಂಪನ್ನು ಅವರು ಬೇರೆಯಾಗಿ ಎಣಿಸಿ ಪರೀಕ್ಷಿಸಿದರು. ‘ಮಾತಾಡಿ ಸಾಯುವವರು’ ಎಂದೇ ಆ ಗುಂಪಿಗೆ ಹೆಸರಾಯಿತು. ಅವರ ತರ್ಕ ಸರಳವಾಗಿತ್ತು. ಒಬ್ಬ ಮಾತಾಡಿದ ಎಂದರೆ ಮೊದಲ ಪೆಟ್ಟಿಗೇ ಅವನ ಮಿದುಳು ಪೂರ್ತಿ ನಾಶವಾಗಿರಲಿಲ್ಲ ಎಂದರ್ಥ. ಹಾಗಾದರೆ ಅವನನ್ನು ಕೊಂದದ್ದು ಆಮೇಲೆ ನಡೆದ ಇನ್ನೇನೋ. ಆಮೇಲೆ ನಡೆಯುವುದನ್ನು ತಡೆಯಲು ಕೊಂಚವಾದರೂ ಅವಕಾಶವಿರುತ್ತದೆ. ಪರೀಕ್ಷಿಸಿ ನೋಡಿದಾಗ ಅಂಥ ಅನೇಕರ ಬುರುಡೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು.

ತಲೆಗೆ ಬೀಳುವ ಪೆಟ್ಟು ಒಂದಲ್ಲ, ಎರಡು. ಮೊದಲನೆಯದು ರಸ್ತೆಯಲ್ಲೋ ಮೆಟ್ಟಿಲ ಮೇಲೋ ಕ್ಷಣಮಾತ್ರದಲ್ಲಿ ಬೀಳುತ್ತದೆ. ಅದನ್ನು ಯಾವ ವೈದ್ಯನೂ ಹಿಂದಕ್ಕೆ ಪಡೆಯಲಾರ. ಎರಡನೆಯದು ಒಳಗಿನಿಂದ, ಸದ್ದಿಲ್ಲದೆ, ಗಂಟೆಗಳ ಅಥವಾ ದಿನಗಳ ಅವಧಿಯಲ್ಲಿ ಬೀಳುತ್ತದೆ. ರಕ್ತಸ್ರಾವ, ಮಿದುಳಿನ ಬಾವು, ಆಮ್ಲಜನಕದ ಕೊರತೆ ಇವೆಲ್ಲ ಸೇರಿ ಕೊಡುವ ಪೆಟ್ಟು ಅದು. ಅದರ ಮುಖ್ಯ ಆಯುಧ ಒತ್ತಡ. ತಲೆಯೊಳಗಿನ ಈ ಒತ್ತಡವನ್ನು ಅಳೆಯಲು ಮನುಷ್ಯ ಕಲಿತ ಕಥೆ ವೈದ್ಯಚರಿತ್ರೆಯ ಒಂದು ಕುತೂಹಲಕರ ಅಧ್ಯಾಯ. ಅಳತೆಗೋಲು ಸಿಕ್ಕ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎಂಬ ಪಾಠವೂ ಆ ಅಧ್ಯಾಯದಲ್ಲೇ ಇದೆ.

ಮೂವರು ಬಾಡಿಗೆದಾರರ ಮನೆ

ಬೆರಳಿಗೆ ಬಾಗಿಲು ಬಡಿದರೆ ಬೆರಳು ಊದಿಕೊಳ್ಳುತ್ತದೆ. ಕಾಲು ಉಳುಕಿದರೆ ಗಿಣ್ಣು ದಪ್ಪವಾಗುತ್ತದೆ. ಊದಲು ಹೊರಗೆ ಜಾಗವಿದೆ. ನೋವಾಗುತ್ತದೆ, ಆದರೆ ಪ್ರಾಣಕ್ಕೆ ಅಪಾಯವಿಲ್ಲ. ಮಿದುಳಿಗೆ ಆ ಅನುಕೂಲವಿಲ್ಲ. ಅದನ್ನು ಕಾಪಾಡಲೆಂದೇ ಇರುವ ಗಟ್ಟಿ ಮೂಳೆಯ ಪೆಟ್ಟಿಗೆಯೇ ಬಾವು ಬಂದಾಗ ಅದಕ್ಕೆ ಸೆರೆಮನೆಯಾಗುತ್ತದೆ.

ಇದನ್ನು ಮೊದಲು ಸ್ಪಷ್ಟವಾಗಿ ಬರೆದವನು ಎಡಿನ್‌ಬರೋದ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕ ಅಲೆಕ್ಸಾಂಡರ್ ಮನ್ರೋ. ಬುರುಡೆ ಹಿಗ್ಗದ ಪೆಟ್ಟಿಗೆ, ಅದರೊಳಗಿನ ಮಿದುಳು ಕುಗ್ಗದ ವಸ್ತು, ಆದ್ದರಿಂದ ಒಳಗಿರುವ ರಕ್ತದ ಪ್ರಮಾಣವೂ ಹೆಚ್ಚುಕಡಿಮೆ ಸ್ಥಿರವಾಗಿರಲೇಬೇಕು ಎಂದು 1783ರಲ್ಲಿ ಆತ ವಾದಿಸಿದ. ಅವನ ಶಿಷ್ಯ, ಲೀತ್ ಬಂದರಿನ ಶಸ್ತ್ರವೈದ್ಯ ಜಾರ್ಜ್ ಕೆಲ್ಲಿ ಇದನ್ನು ಪರೀಕ್ಷೆಗೊಡ್ಡಿದ. ಪ್ರಾಣಿಗಳ ದೇಹದಿಂದ ಸಾಯುವಷ್ಟು ರಕ್ತ ಹರಿಸಿದರೂ ಅವುಗಳ ಮಿದುಳು ಮಾತ್ರ ರಕ್ತಹೀನವಾಗಿರಲಿಲ್ಲ! 1824ರಲ್ಲಿ ಅವನ ಬರಹ ಪ್ರಕಟವಾಯಿತು. ಇಬ್ಬರೂ ಗಮನಿಸದೆ ಬಿಟ್ಟ ಮೂರನೆಯ ವಸ್ತುವನ್ನು 1846ರಲ್ಲಿ ಜಾರ್ಜ್ ಬರೋಸ್ ಎಂಬ ಇಂಗ್ಲಿಷ್ ವೈದ್ಯ ಲೆಕ್ಕಕ್ಕೆ ಸೇರಿಸಿದ. ಮಿದುಳನ್ನೂ ಬೆನ್ನುಹುರಿಯನ್ನೂ ತೊಯಿಸುತ್ತ ಹರಿಯುವ, ತಿಳಿನೀರಿನಂಥ ದ್ರವ ಅದು. ಅದನ್ನು ಇಲ್ಲಿ ಮಿದುಳುದ್ರವ ಎಂದು ಕರೆಯೋಣ.

ಹೀಗೆ ಬುರುಡೆಯೆಂಬ ಮನೆಯಲ್ಲಿ ಮೂವರು ಬಾಡಿಗೆದಾರರು: ಮಿದುಳು, ರಕ್ತ, ಮಿದುಳುದ್ರವ. ಜಾಗದಲ್ಲಿ ಸುಮಾರು ನೂರಕ್ಕೆ 80 ಪಾಲು ಮಿದುಳಿನದು; ಉಳಿದ ಇಬ್ಬರಿಗೂ ಸುಮಾರು ಹತ್ತು ಹತ್ತು ಪಾಲು. ಒಬ್ಬ ಬೆಳೆದರೆ ಇನ್ನೊಬ್ಬ ಜಾಗ ಬಿಡಬೇಕು. ಇಲ್ಲವಾದರೆ ಒತ್ತಡ ಏರಬೇಕು. ಎರಡು ಶತಮಾನ ಕಳೆದರೂ ತಲೆಪೆಟ್ಟಿನ ಚಿಕಿತ್ಸೆಯೆಲ್ಲ ನಿಂತಿರುವುದು ಈ ಒಂದು ಸೂತ್ರದ ಮೇಲೆ.

ಮಾತಾಡಿ ಸಾಯುವವರ ಒಗಟು ಬಿಡಿಸುವ ಬೀಗದ ಕೈಯೂ ಇಲ್ಲೇ ಇದೆ. ಜಾತ್ರೆಯ ದಿನದ ಬಸ್ಸನ್ನು ನೆನೆಯಿರಿ. ಸೀಟುಗಳೆಲ್ಲ ತುಂಬಿದ ಮೇಲೂ ‘ಒಳಗೆ ಹೋಗಿ, ಒಳಗೆ ಹೋಗಿ’ ಎಂದು ಕಂಡಕ್ಟರು ಕೂಗಿದಂತೆ ಹತ್ತು ಜನ, ಇಪ್ಪತ್ತು ಜನ ಹಿಡಿಯುತ್ತಾರೆ. ಯಾರಿಗೂ ಅಂಥ ತೊಂದರೆ ಕಾಣುವುದಿಲ್ಲ. ಒಂದು ಹಂತ ಬರುತ್ತದೆ. ಆಮೇಲೆ ಒಬ್ಬನೇ ಒಬ್ಬ ಹತ್ತಿದರೂ ಉಸಿರು ಕಟ್ಟುತ್ತದೆ. ಬುರುಡೆಯೊಳಗೆ ರಕ್ತ ಜಿನುಗತೊಡಗಿದಾಗ ಮೊದಲು ಮಿದುಳುದ್ರವ ಬೆನ್ನುಹುರಿಯ ಕಡೆಗೆ ಸರಿದು ಜಾಗ ಬಿಡುತ್ತದೆ. ಸಿರೆಗಳ ರಕ್ತವೂ ಕೊಂಚ ಹೊರಹೋಗುತ್ತದೆ. ಅಷ್ಟು ಹೊತ್ತು ಒತ್ತಡ ಏರುವುದೇ ಇಲ್ಲ, ಮನುಷ್ಯ ಮಾತಾಡುತ್ತಾನೆ. ಬಿಡಬಹುದಾದ ಜಾಗವೆಲ್ಲ ಮುಗಿದ ಮೇಲೆ ನಾಲ್ಕು ಚಮಚ ರಕ್ತ ಹೆಚ್ಚಾದರೂ ಒತ್ತಡ ಧಿಡೀರನೆ ಮೇಲಕ್ಕೆ ಹಾರುತ್ತದೆ. ಕ್ಷೇಮ ಮತ್ತು ಅಪಾಯಗಳ ನಡುವೆ ಇರುವುದು ನಿಧಾನದ ಇಳಿಜಾರಲ್ಲ, ಕಡಿದಾದ ಅಂಚು.

ಒತ್ತಡ ಕೊಲ್ಲುವ ಬಗೆ

ಏರಿದ ಒತ್ತಡ ಎರಡು ರೀತಿಯಲ್ಲಿ ಕೊಲ್ಲುತ್ತದೆ. ಒಂದು, ರಕ್ತ ಮೇಲೇರದಂತೆ ತಡೆದು. ಊರಿನ ನೀರಿನ ಟ್ಯಾಂಕಿನಲ್ಲಿ ಒತ್ತಡ ಕಡಿಮೆಯಾದರೆ ಮೂರನೆಯ ಮಹಡಿಯ ನಲ್ಲಿಯಲ್ಲಿ ನೀರು ಬರುವುದಿಲ್ಲ. ಮಹಡಿ ಇನ್ನೂ ಎತ್ತರವಾದರೂ ಪರಿಣಾಮ ಅದೇ. ಮಿದುಳಿಗೆ ರಕ್ತ ತಳ್ಳುವ ನಿಜವಾದ ಬಲವೆಂದರೆ ಸರಾಸರಿ ರಕ್ತದೊತ್ತಡದಿಂದ ಬುರುಡೆಯೊಳಗಿನ ಒತ್ತಡವನ್ನು ಕಳೆದಾಗ ಉಳಿಯುವುದು. ಸರಾಸರಿ ರಕ್ತದೊತ್ತಡ 90 ಮಿಲಿಮೀಟರು ಪಾದರಸ, ತಲೆಯೊಳಗಿನ ಒತ್ತಡ 10 ಇದ್ದರೆ ಉಳಿಯುವುದು 80, ಮಿದುಳು ಸುಖವಾಗಿರುತ್ತದೆ. ತಲೆಯೊಳಗಿನದು 40ಕ್ಕೆ ಏರಿದರೆ ಉಳಿಯುವುದು 50, ಮಿದುಳು ಹಸಿಯತೊಡಗುತ್ತದೆ. ಪೆಟ್ಟು ತಿಂದವನ ರಕ್ತದೊತ್ತಡವೂ ಕುಸಿದಿದ್ದರೆ ಗತಿ ಹೇಳುವುದೇ ಬೇಡ.

ಎರಡು, ಮಿದುಳನ್ನು ಅದರ ಜಾಗದಿಂದ ತಳ್ಳಿ. ಬುರುಡೆಯ ಬುಡದಲ್ಲಿ ಬೆನ್ನುಹುರಿ ಇಳಿದುಹೋಗುವ ಒಂದು ರಂಧ್ರವಿದೆ. ಒತ್ತಡ ಮಿತಿಮೀರಿದರೆ ಮಿದುಳು ಆ ಕಡೆಗೆ ಜಾರುತ್ತದೆ. ಜಾರುವಾಗ ಕಣ್ಣಿನ ಪಾಪೆಯನ್ನು ಕಿರಿದಾಗಿಸುವ ನರ ಹಿಸುಕಲ್ಪಟ್ಟು ಒಂದು ಕಣ್ಣಿನ ಪಾಪೆ ದೊಡ್ಡದಾಗುತ್ತದೆ. ಬೆಳಕು ಬಿಟ್ಟರೂ ಕುಗ್ಗುವುದಿಲ್ಲ. ಕೊನೆಗೆ ಉಸಿರಾಟವನ್ನು ನಡೆಸುವ ಮಿದುಳುಕಾಂಡ ಹಿಸುಕಿಹೋಗುತ್ತದೆ.

ಅಮೆರಿಕದ ಹಾರ್ವೆ ಕುಷಿಂಗ್ 1900-01ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ, ಮುಂದೆ ನೊಬೆಲ್ ಪಡೆದ ಥಿಯೊಡೋರ್ ಕೋಷರ್ ಅವರ ಬಳಿ ಕೆಲಸ ಮಾಡುತ್ತಿದ್ದಾಗ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ ಒಂದು ಮುಖ್ಯ ಸಂಗತಿ ತೋರಿಸಿದರು. ಬುರುಡೆಯೊಳಗೆ ಒತ್ತಡ ಏರಿದಾಗ ದೇಹ ತನ್ನ ರಕ್ತದೊತ್ತಡವನ್ನೇ ಏರಿಸಿ ಮಿದುಳಿಗೆ ರಕ್ತ ನೂಕಲು ಹೆಣಗುತ್ತದೆ, ನಾಡಿ ನಿಧಾನವಾಗುತ್ತದೆ, ಉಸಿರು ಏರುಪೇರಾಗುತ್ತದೆ. ಇಂದಿಗೂ ವೈದ್ಯ ವಿದ್ಯಾರ್ಥಿಗಳು ಕಲಿಯುವ ಲಕ್ಷಣಗಳಿವು. ಆದರೆ ಇವು ಮನೆಗೆ ಬೆಂಕಿ ಬಿದ್ದು ಮಾಡು ಕುಸಿಯುವಾಗ ಬಡಿದ ಗಂಟೆಯಂತೆ. ಈ ಲಕ್ಷಣಗಳು ಪೂರ್ತಿ ಕಾಣಿಸಿಕೊಳ್ಳುವ ವೇಳೆಗೆ ಕಾಲ ಮಿಂಚಿರುತ್ತದೆ.

ತೆರೆದದ್ದು ಹಳೆಯದು, ಅಳೆದದ್ದು ಹೊಸದು

ಬುರುಡೆಯನ್ನು ತೆರೆಯುವ ಸಾಹಸ ಮನುಷ್ಯನಿಗೆ ಹೊಸದೇನಲ್ಲ. ಕಾಶ್ಮೀರದ ಬುರ್ಜಹೋಮ್ ಎಂಬ ನವಶಿಲಾಯುಗದ ನೆಲೆಯಲ್ಲಿ ಕೊರೆದ ಗುರುತುಗಳಿರುವ ತಲೆಬುರುಡೆ ಸಿಕ್ಕಿದೆ. ಪೆರು ದೇಶದ ಪ್ರಾಚೀನ ಬುರುಡೆಗಳಲ್ಲಿ ಕೊರೆದ ರಂಧ್ರದ ಅಂಚು ಕೂಡಿಕೊಂಡು ನುಣುಪಾಗಿರುವುದುಂಟು; ಅಂದರೆ ಆ ರೋಗಿ ಬದುಕಿ ಉಳಿದಿದ್ದ! ಬುದ್ಧನ ಕಾಲದ ವೈದ್ಯ ಜೀವಕ ರಾಜಗೃಹದ ಶ್ರೇಷ್ಠಿಯೊಬ್ಬನ ತಲೆಯನ್ನು ತೆರೆದು ಎರಡು ಹುಳುಗಳನ್ನು ಹೊರತೆಗೆದನೆಂಬ ಕಥೆ ಪಾಲಿ ಭಾಷೆಯ ಮಹಾವಗ್ಗದಲ್ಲಿ ಬರುತ್ತದೆ. ಆದರೆ ಬುರುಡೆಯೊಳಗೆ ಎಷ್ಟು ಒತ್ತಡವಿದೆ ಎಂಬ ಪ್ರಶ್ನೆ ಇವರಾರಿಗೂ ಹೊಳೆಯುವಂತಿರಲಿಲ್ಲ. ಒಳಗೇನೋ ಸೇರಿಕೊಂಡಿದೆ, ಅದನ್ನು ಹೊರಗೆ ಬಿಡಬೇಕು ಎಂಬಲ್ಲಿಗೆ ಅವರ ವಿಚಾರ ನಿಂತಿತ್ತು.

ಅಳತೆಯ ದಾರಿ ತೆರೆದವರು ಜರ್ಮನಿಯ ಹೈನ್‌ರಿಷ್ ಕ್ವಿಂಕೆ. 1891ರಲ್ಲಿ ಅವರು ಸೊಂಟದ ಬಳಿ ಬೆನ್ನೆಲುಬುಗಳ ನಡುವೆ ಸೂಜಿ ಹಾಕಿ ಮಿದುಳುದ್ರವ ತೆಗೆಯುವ ವಿಧಾನವನ್ನು ವರದಿ ಮಾಡಿದರು. ಸೂಜಿಗೆ ಗಾಜಿನ ನಳಿಗೆ ಜೋಡಿಸಿದರೆ ದ್ರವ ಎಷ್ಟು ಎತ್ತರ ಏರುತ್ತದೋ ಅದೇ ಒತ್ತಡದ ಅಳತೆ. ತಲೆಗೆ ಪೆಟ್ಟು ಬಿದ್ದವನಿಗೆ ಇದು ಒಗ್ಗುವುದಿಲ್ಲ. ಮೇಲೆ ಒತ್ತಡ ತುಂಬಿರುವಾಗ ಕೆಳಗೆ ತೂತು ಮಾಡಿದರೆ ಮಿದುಳು ಕೆಳಕ್ಕೆ ಜಾರುವ ಭಯವಿದೆ. ಅಲ್ಲದೆ ಅದು ಒಂದು ಕ್ಷಣದ ಅಳತೆ ಮಾತ್ರ.

ಒಂದು ಕ್ಷಣದ ಅಳತೆ ಏಕೆ ಸಾಲದು ಎಂಬುದನ್ನು ತೋರಿಸಿಕೊಟ್ಟವರು ಸ್ವೀಡನ್ನಿನ ಲುಂಡ್ ನಗರದ ನರಶಸ್ತ್ರವೈದ್ಯ ನಿಲ್ಸ್ ಲುಂಡ್‌ಬರ್ಗ್. ಅವರಿಗಿಂತ ಮೊದಲೇ, 1951ರಲ್ಲಿ, ಫ್ರಾನ್ಸಿನ ಗಿಯೋಮ್ ಮತ್ತು ಜಾನಿ ಎಂಬಿಬ್ಬರು ನಿರಂತರ ಅಳತೆಯ ವರದಿ ಪ್ರಕಟಿಸಿದ್ದುಂಟು. ಆದರೆ ಅದನ್ನು ರೋಗಿಯ ಹಾಸಿಗೆಯ ಬಳಿಯ ನಿತ್ಯದ ಕೆಲಸವಾಗಿಸಿದ್ದು ಲುಂಡ್‌ಬರ್ಗ್. ಮಿದುಳಿನ ಒಳಗಿನ, ದ್ರವ ತುಂಬಿದ ಕುಹರಕ್ಕೆ ತೆಳ್ಳನೆಯ ನಳಿಕೆಯೊಂದನ್ನು ಇಳಿಸಿ, ಹೊರಗಿನ ತುದಿಯನ್ನು ಒತ್ತಡ ಗ್ರಹಿಸುವ ಉಪಕರಣಕ್ಕೆ ಜೋಡಿಸಿದರು. ಒತ್ತಡದ ಏರಿಳಿತ ಉರುಳುವ ಕಾಗದದ ಮೇಲೆ ಗೆರೆಯಾಗಿ ಮೂಡುತ್ತಿತ್ತು. 143 ರೋಗಿಗಳ ಇಂಥ ದಾಖಲೆಗಳನ್ನು 1960ರಲ್ಲಿ ಪ್ರಕಟಿಸಿದರು.

ಆ ಕಾಗದದ ಸುರುಳಿಗಳಲ್ಲಿ ಯಾರೂ ನಿರೀಕ್ಷಿಸದ ದೃಶ್ಯವಿತ್ತು. ಕೆಲವು ರೋಗಿಗಳಲ್ಲಿ ಒತ್ತಡ ಇದ್ದಕ್ಕಿದ್ದಂತೆ 50 ಮಿಲಿಮೀಟರನ್ನೂ ದಾಟಿ ಮೇಲೇರಿ, ಐದರಿಂದ ಇಪ್ಪತ್ತು ನಿಮಿಷ ಅಲ್ಲೇ ನಿಂತು, ಮತ್ತೆ ಇಳಿಯುತ್ತಿತ್ತು. ಪ್ರಸ್ಥಭೂಮಿಯಂಥ ಈ ಅಲೆಗಳ ನಡುವೆ ಸೂಜಿ ಹಾಕಿ ನೋಡಿದ್ದರೆ ಅಂಥ ಅಪಾಯವೇನೂ ಕಾಣದೆಹೋಗಬಹುದಿತ್ತು. ನಾಡಿ, ರಕ್ತದೊತ್ತಡಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲದೆಯೂ ಒತ್ತಡ ಏರಬಲ್ಲದೆಂದು ಸ್ಪಷ್ಟವಾಯಿತು. 1965ರಲ್ಲಿ ಲುಂಡ್‌ಬರ್ಗ್ ಮತ್ತು ಸಂಗಡಿಗರು ತಲೆಪೆಟ್ಟಿನ ರೋಗಿಗಳಲ್ಲಿ ಇದೇ ಅಳತೆ ನಡೆಸಿದ ವರದಿ ಬಂತು. ಕುಷಿಂಗ್ ಹೇಳಿದ ಗಂಟೆ ಬಡಿಯುವ ಮೊದಲೇ ಹೊಗೆಯನ್ನು ಕಾಣುವ ಕಣ್ಣು ವೈದ್ಯರಿಗೆ ದೊರೆಯಿತು.

ಅಂಕಿ ಬಂತು, ಮುಂದೇನು?

ಇಂದಿನ ತೀವ್ರ ನಿಗಾ ಘಟಕಗಳಲ್ಲಿ ಎರಡು ಬಗೆಯ ಉಪಕರಣಗಳು ಬಳಕೆಯಲ್ಲಿವೆ. ಒಂದು ಲುಂಡ್‌ಬರ್ಗ್ ಅವರದೇ ದಾರಿ: ಬುರುಡೆಯಲ್ಲಿ ಸಣ್ಣ ರಂಧ್ರ ಕೊರೆದು ಕುಹರಕ್ಕೆ ಇಳಿಸುವ ನಳಿಕೆ. ಒತ್ತಡ ಏರಿದಾಗ ಅದರ ಮೂಲಕವೇ ಒಂದಿಷ್ಟು ದ್ರವವನ್ನು ಹೊರಬಿಡಬಹುದೆಂಬುದು ಇದರ ಹೆಚ್ಚುಗಾರಿಕೆ. ಬಾವಿನಿಂದ ಕುಹರ ಕಿರಿದಾಗಿದ್ದರೆ ಇಳಿಸುವುದು ಕಷ್ಟ. ದಿನ ಕಳೆದಂತೆ ಸೋಂಕಿನ ಭಯ. ಇನ್ನೊಂದು, ತುದಿಯಲ್ಲಿ ಒತ್ತಡ ಗ್ರಹಿಸುವ ಸೂಕ್ಷ್ಮ ಸಾಧನವಿರುವ ಎಳೆಯನ್ನು ಮಿದುಳಿನೊಳಕ್ಕೆ ಕೊಂಚವೇ ಇಳಿಸುವುದು. ಇದು ಸುಲಭ, ಆದರೆ ದುಬಾರಿ; ದ್ರವ ತೆಗೆಯಲಾಗದು. ರಕ್ತಸ್ರಾವದ ಸಣ್ಣ ಅಪಾಯ ಎರಡರಲ್ಲೂ ಇದೆ.

ಮಲಗಿರುವ ಆರೋಗ್ಯವಂತ ವಯಸ್ಕರಲ್ಲಿ ಈ ಒತ್ತಡ ಸಾಮಾನ್ಯವಾಗಿ 15 ಮಿಲಿಮೀಟರು ಪಾದರಸಕ್ಕಿಂತ ಕೆಳಗಿರುತ್ತದೆ. ತಲೆಪೆಟ್ಟಿನ ರೋಗಿಯಲ್ಲಿ ಅದು 22ನ್ನು ಮೀರಿ ನಿಂತರೆ ಚಿಕಿತ್ಸೆ ಬೇಕೆಂದು ಅಮೆರಿಕದ ಬ್ರೈನ್ ಟ್ರಾಮಾ ಫೌಂಡೇಶನ್ 2016ರಲ್ಲಿ ಹೊರತಂದ ಮಾರ್ಗಸೂಚಿ ಹೇಳುತ್ತದೆ. ಚಿಕಿತ್ಸೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೊದಲು ತಲೆಯ ಭಾಗವನ್ನು 30 ಡಿಗ್ರಿಯಷ್ಟು ಎತ್ತರಿಸಿ ಕತ್ತನ್ನು ನೇರವಾಗಿಡುವುದು. ಕತ್ತಿನ ಸಿರೆಗಳಲ್ಲಿ ರಕ್ತ ಸರಾಗವಾಗಿ ಇಳಿಯಲೆಂದು. ನೋವು, ತಳಮಳ, ಜ್ವರ ಅಡಗಿಸುವುದು. ನಳಿಕೆಯಿದ್ದರೆ ದ್ರವ ತೆಗೆಯುವುದು. ಬಾವಿನ ನೀರನ್ನು ರಕ್ತಕ್ಕೆ ಸೆಳೆದುಕೊಳ್ಳುವ ಮ್ಯಾನಿಟಾಲ್ ಅಥವಾ ಗಾಢ ಉಪ್ಪುದ್ರಾವಣ ಕೊಡುವುದು. ಹೆಪ್ಪುಗಟ್ಟಿದ ರಕ್ತವಿದ್ದರೆ ಶಸ್ತ್ರಕ್ರಿಯೆ. ಕೊನೆಯ ಮೆಟ್ಟಿಲು, ಬುರುಡೆಯ ದೊಡ್ಡ ಚೂರನ್ನೇ ತೆಗೆದಿರಿಸಿ ಮಿದುಳಿಗೆ ಹಿಗ್ಗಲು ಜಾಗ ಕೊಡುವುದು.

ಅಂಕಿ ಕೈಗೆ ಸಿಕ್ಕಾಗ ಅದನ್ನು ಇಳಿಸುವುದೇ ಗುರಿಯಾಗಿಬಿಡುವ ಅಪಾಯವೊಂದಿದೆ. ಯಂತ್ರದಿಂದ ರೋಗಿಯ ಉಸಿರಾಟವನ್ನು ಚುರುಕುಗೊಳಿಸಿದರೆ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ತಗ್ಗಿ, ಮಿದುಳಿನ ರಕ್ತನಾಳಗಳು ಕಿರಿದಾಗಿ, ಒತ್ತಡ ಇಳಿಯುತ್ತದೆ. ಬಹುಕಾಲ ಇದು ಎಲ್ಲರ ಮೆಚ್ಚಿನ ಉಪಾಯವಾಗಿತ್ತು. ಆದರೆ ರಕ್ತನಾಳ ಕಿರಿದಾದರೆ ಮಿದುಳಿಗೆ ರಕ್ತವೂ ಕಡಿಮೆಯಲ್ಲವೆ? ದಿನಗಟ್ಟಲೆ ಹೀಗೆ ಮಾಡಿದ ರೋಗಿಗಳ ಸ್ಥಿತಿ ಉಳಿದವರಿಗಿಂತ ಹಿಂದುಳಿದದ್ದನ್ನು 1991ರ ಒಂದು ಅಧ್ಯಯನ ತೋರಿಸಿತು. ಈಗ ಅದು ತುರ್ತಿನ ಅಲ್ಪಾವಧಿಯ ಉಪಾಯ ಮಾತ್ರ. ಬಾವು ಇಳಿಸುವುದೆಂಬ ನಂಬಿಕೆಯಿಂದ ಸ್ಟೀರಾಯ್ಡ್ ಕೊಡುವ ರೂಢಿಯೂ ಇತ್ತು. ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಕ್ರ್ಯಾಶ್ ಎಂಬ ಅಧ್ಯಯನದ ಫಲಿತಾಂಶ 2004ರಲ್ಲಿ ಬಂದಾಗ ಎಲ್ಲರೂ ಬೆಚ್ಚಿದರು. ಸ್ಟೀರಾಯ್ಡ್ ಪಡೆದವರಲ್ಲಿ ಎರಡು ವಾರದೊಳಗೆ ಸತ್ತವರು ನೂರಕ್ಕೆ 21, ಪಡೆಯದವರಲ್ಲಿ 18!

ಬುರುಡೆಯ ಚೂರು ತೆಗೆಯುವ ಶಸ್ತ್ರಕ್ರಿಯೆಯ ಫಲ ಇನ್ನೂ ಸೂಕ್ಷ್ಮ. ಬೇರಾವುದಕ್ಕೂ ಒತ್ತಡ ಬಗ್ಗದ 408 ರೋಗಿಗಳ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಆರು ತಿಂಗಳಲ್ಲಿ ಸಾವು ನೂರಕ್ಕೆ 49ರಿಂದ 27ಕ್ಕೆ ಇಳಿದಿತ್ತು. ಆದರೆ ಉಸಿರೊಂದಿದ್ದು ಅರಿವಿಲ್ಲದ ಸ್ಥಿತಿಯಲ್ಲಿ ಉಳಿದವರ ಪಾಲು ಎರಡರಿಂದ ಎಂಟೂವರೆಗೆ ಏರಿತ್ತು. ಉಳಿಸುವುದೆಂದರೇನು ಎಂಬ ಪ್ರಶ್ನೆಗೆ ಪರದೆಯ ಮೇಲಿನ ಅಂಕಿಯಲ್ಲಿ ಉತ್ತರವಿಲ್ಲ. ಅದನ್ನು ವೈದ್ಯರೂ ಮನೆಯವರೂ ಕುಳಿತು ಮಾತಾಡಿಯೇ ಕಂಡುಕೊಳ್ಳಬೇಕು.

ಆಂಡೀಸ್ ತಪ್ಪಲಿನಿಂದ ಬಂದ ಪ್ರಶ್ನೆ

ಈ ಉಪಕರಣ ಶ್ರೀಮಂತ ದೇಶಗಳಲ್ಲಿ ಬೇರೂರಿದ ಮೇಲೆ ಒಂದು ಪ್ರಶ್ನೆಯನ್ನು ಕೇಳುವುದೇ ಕಷ್ಟವಾಯಿತು. ಇದರಿಂದ ನಿಜಕ್ಕೂ ಹೆಚ್ಚು ಜನ ಉಳಿಯುತ್ತಾರೆಯೆ? ಪರೀಕ್ಷಿಸಬೇಕಾದರೆ ಅರ್ಧ ರೋಗಿಗಳಿಗೆ ಉಪಕರಣ ಹಾಕದೆ ಬಿಡಬೇಕು. ಅಲ್ಲಿನ ವೈದ್ಯರ ಮನಸ್ಸು ಅದಕ್ಕೆ ಒಪ್ಪದು. ಉತ್ತರ ಬಂದದ್ದು ಉಪಕರಣವನ್ನು ಎಲ್ಲರಿಗೂ ಹಾಕುವ ಚೈತನ್ಯವಿಲ್ಲದ ಬೊಲಿವಿಯಾ ಮತ್ತು ಎಕ್ವಡಾರ್ ದೇಶಗಳ ಆಸ್ಪತ್ರೆಗಳಿಂದ. ಅಮೆರಿಕದ ರ್‍ಯಾಂಡಲ್ ಚೆಸ್ನಟ್ ಮತ್ತು ಅಲ್ಲಿನ ವೈದ್ಯರು ಸೇರಿ 324 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಒತ್ತಡದ ಅಂಕಿ ನೋಡಿ ಚಿಕಿತ್ಸೆ, ಇನ್ನೊಂದಕ್ಕೆ ಸಿ.ಟಿ. ಸ್ಕ್ಯಾನ್ ಮತ್ತು ಹಾಸಿಗೆಯ ಬಳಿಯ ಪರೀಕ್ಷೆ ನೋಡಿ ಚಿಕಿತ್ಸೆ. 2012ರಲ್ಲಿ ಫಲಿತಾಂಶ ಬಂತು. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ ಸತ್ತವರು ನೂರಕ್ಕೆ 39, ಎರಡನೆಯದರಲ್ಲಿ 41. ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ!

ಹಾಗಾದರೆ ಅಳತೆ ವ್ಯರ್ಥವೆ? ಅವಸರದ ತೀರ್ಮಾನ ಬೇಡವೆಂದು ಅಧ್ಯಯನ ನಡೆಸಿದವರೇ ಎಚ್ಚರಿಸಿದರು. ಎರಡೂ ಗುಂಪಿನವರಿಗೆ ಚುರುಕಾದ ಚಿಕಿತ್ಸೆ ಸಿಕ್ಕಿತ್ತು. ಯಾರನ್ನೂ ಸುಮ್ಮನೆ ಬಿಟ್ಟಿರಲಿಲ್ಲ. ಅಂಕಿ ಇಲ್ಲದ ಗುಂಪಿಗೆ ಒತ್ತಡ ಇಳಿಸುವ ಚಿಕಿತ್ಸೆಯನ್ನು ಹೆಚ್ಚು ದಿನ ಕೊಡಬೇಕಾಯಿತು, ಏಕೆಂದರೆ ಯಾವಾಗ ನಿಲ್ಲಿಸಬೇಕೆಂದು ತಿಳಿಯುವುದು ಕಷ್ಟ. ಅಳತೆ ವೈದ್ಯನ ಕೈಗೆ ಹಿಡಿತ ಕೊಡುತ್ತದೆ. ಆದರೆ ಜೀವ ಉಳಿಸುವುದು ಅಳತೆಯಲ್ಲ, ಅದನ್ನು ಕಂಡು ಯಾರೋ ಹೊತ್ತಿಗೆ ಸರಿಯಾಗಿ ಮಾಡುವ ಕೆಲಸ. ಉಪಕರಣವಿಲ್ಲದಲ್ಲಿಯೂ ಆ ಕೆಲಸವನ್ನು ಕ್ರಮಬದ್ಧವಾಗಿ ಮಾಡಬಹುದು ಎಂಬುದು ಆಂಡೀಸ್ ತಪ್ಪಲಿನ ವೈದ್ಯರು ಜಗತ್ತಿಗೆ ಹೇಳಿದ ಮಾತು. ಅಂಥ ಆಸ್ಪತ್ರೆಗಳಿಗಾಗಿಯೇ ಸಿದ್ಧಪಡಿಸಿದ ಚಿಕಿತ್ಸಾಕ್ರಮವೊಂದು 2020ರಲ್ಲಿ ಪ್ರಕಟವಾಗಿದೆ.

ಅದರ ಆಧಾರವೂ ಹಾಸಿಗೆಯ ಬಳಿ ನಿಂತವರ ಕಣ್ಣೇ. 1974ರಲ್ಲಿ ಗ್ಲಾಸ್ಗೋದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ ರೂಪಿಸಿದ ಪ್ರಜ್ಞೆಯ ಮಾಪಕಕ್ಕೆ ಖರ್ಚೇ ಇಲ್ಲ. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲು ಆಡಿಸುವುದಕ್ಕೆ 6 ಅಂಕಗಳು. ಪೂರ್ತಿ ಎಚ್ಚರವಿದ್ದರೆ 15, ಏನೂ ಇಲ್ಲದಿದ್ದರೆ 3. 8 ಅಥವಾ ಕೆಳಗೆ ಇಳಿದರೆ ತೀವ್ರ ಪೆಟ್ಟು. ಗಂಟೆಗಂಟೆಗೆ ಈ ಅಂಕ ಬರೆದು, ಟಾರ್ಚಿನಿಂದ ಎರಡೂ ಕಣ್ಣಿನ ಪಾಪೆ ನೋಡುವ ದಾದಿಯೂ ಒತ್ತಡವನ್ನೇ ಕಾಯುತ್ತಿದ್ದಾಳೆ. ಅಂಕ 15ರಿಂದ 13ಕ್ಕೆ ಇಳಿದದ್ದನ್ನು ಕಂಡು ಅವಳು ನಡುರಾತ್ರಿ ವೈದ್ಯರನ್ನು ಎಬ್ಬಿಸಿದರೆ ಒಂದು ಜೀವ ಉಳಿಯಬಹುದು.

ನಮ್ಮಲ್ಲಿ ತಲೆಪೆಟ್ಟು ಎಂದೊಡನೆ ಬಾಯಿಗೆ ಬರುವುದು 1974ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ನಿಮ್ಹಾನ್ಸ್. ದೂರದ ಜಿಲ್ಲೆಯಿಂದ ಅಲ್ಲಿಗೆ ಗಂಟೆಗಳ ದಾರಿ. ಎರಡನೆಯ ಪೆಟ್ಟು ಆ ದಾರಿಯಲ್ಲೇ ಬೀಳಬಹುದು. ಹೊರಡುವ ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಉಸಿರಿನ ದಾರಿ ಸರಿಪಡಿಸಿ, ಆಮ್ಲಜನಕ ಕೊಟ್ಟು, ಕುಸಿದ ರಕ್ತದೊತ್ತಡ ಎತ್ತಿಹಿಡಿಯುವುದು ಯಾವ ದುಬಾರಿ ಉಪಕರಣಕ್ಕೂ ಕಡಿಮೆಯಲ್ಲ. ಮನೆಯವರು ತಿಳಿದಿರಬೇಕಾದುದೂ ಇದೆ. ಪೆಟ್ಟು ಬಿದ್ದವನಿಗೆ ತಲೆನೋವು ಹೆಚ್ಚುತ್ತ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಮಂಪರು ಬಿಡದಿದ್ದರೆ, ಮಾತು ತೊದಲಿದರೆ, ಒಂದು ಕೈಯೋ ಕಾಲೋ ಸೋತರೆ, ಫಿಟ್ಸ್ ಬಂದರೆ, ‘ಸುಸ್ತಾಗಿದ್ದಾನೆ, ಮಲಗಲಿ ಬಿಡಿ’ ಎನ್ನಬಾರದು. ಮಾತಾಡುತ್ತಿದ್ದಾನೆ ಎಂಬುದು ನಿಶ್ಚಿಂತೆಗೆ ಕಾರಣವಲ್ಲ. ಉಳಿಸಿಕೊಳ್ಳಲು ಇನ್ನೂ ಹೊತ್ತಿದೆ ಎಂಬುದರ ಸೂಚನೆ.

ಇಷ್ಟೆಲ್ಲ ಉಪಕರಣ, ಔಷಧ, ಎಚ್ಚರಗಳು ಎರಡನೆಯ ಪೆಟ್ಟನ್ನು ತಡೆಯಲಷ್ಟೇ. ಮೊದಲನೆಯದನ್ನು ತಗ್ಗಿಸುವ ಸಾಧನ ಆಸ್ಪತ್ರೆಯ ಹೊರಗಿದೆ. ದ್ವಿಚಕ್ರ ಸವಾರನಿಗೆ ಹೆಲ್ಮೆಟ್ ತಲೆಪೆಟ್ಟಿನ ಸಂಭವವನ್ನು ನೂರಕ್ಕೆ 69ರಷ್ಟು, ಸಾವನ್ನು 42ರಷ್ಟು ಕಡಿಮೆ ಮಾಡುತ್ತದೆಂದು ಅನೇಕ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2008ರ ಸಮೀಕ್ಷೆ ಹೇಳುತ್ತದೆ. ಕೇಂದ್ರದ 1988ರ ಮೋಟಾರು ವಾಹನ ಕಾಯಿದೆ ಅದನ್ನು ಕಡ್ಡಾಯ ಮಾಡಿದೆ. ಹಿಂಬದಿ ಸವಾರರಿಗೂ ಅದು ಬೇಕೆಂದು ಕರ್ನಾಟಕದಲ್ಲಿ 2016ರಿಂದ ಜಾರಿಗೆ ಬಂತು. ಆದರೂ ಪೊಲೀಸರು ಕಂಡಾಗ ಮಾತ್ರ ತಲೆಗೇರಿ, ಉಳಿದ ಹೊತ್ತು ಕನ್ನಡಿಗೆ ನೇತುಬಿದ್ದಿರುವ ಹೆಲ್ಮೆಟ್ಟುಗಳು ನಮ್ಮ ರಸ್ತೆಗಳಲ್ಲಿ ಎಷ್ಟಿಲ್ಲ! ಮಿದುಳಿಗೆ ಬಾವು ಬಂದರೆ ಹಿಗ್ಗಲು ಬುರುಡೆಯೊಳಗೆ ಜಾಗವಿಲ್ಲ ಎಂಬ ಮನ್ರೋನ ಮಾತನ್ನು ನೆನಪಿಟ್ಟವರು ಅದನ್ನು ಕನ್ನಡಿಯಿಂದ ಇಳಿಸಿ, ಪಟ್ಟಿ ಬಿಗಿದು ಹಾಕಿಕೊಂಡಾರು.